ದೀಪ ಹಚ್ಚುವ ಹೊತ್ತಿಗೆ ಫೋನು ಮಾಡಿಸಿದವಳು ನಾನು

ಮನೆಮನೆ ತಿರುಗುವ ಕೆಲಸಕ್ಕೆ ಹೊಸದಾಗಿ ಬಂದ ನಿಮಗೆ ಜನ ಸುಳ್ಳು ಹೇಳುತ್ತಾರೆ. ಟ್ರೇನಿಂಗಿನಲ್ಲಿ ಇದನ್ನು ಹೇಳಿಕೊಡುವುದಿಲ್ಲ, ಅದಕ್ಕೇ ಮೊದಲಿಗೆ ಬರೆದಿದ್ದೇನೆ. ಅದು ಕೆಟ್ಟತನದ ಸುಳ್ಳಲ್ಲ. ಮನೆಗೆ ಬಂದವರ ಮನಸ್ಸು ನೋಯಬಾರದು ಅಂತ ಹೇಳುವ ಸುಳ್ಳು. ಅದನ್ನು ಹಿಡಿಯುವುದು ಕಷ್ಟ. ನಾನು ಹೊತ್ತಿಗೆ ಸರಿಯಾಗಿ ಹಿಡಿಯಲಿಲ್ಲ. ಹಿಡಿದ ಮೇಲೂ ಸುಮ್ಮನೆ ಕೂತೆ. ಅದರಿಂದ ಒಬ್ಬಳ ಬಾಯಿ ಹೋಯಿತು.

ನಾನು ಕಲ್ಲವ್ವ, ಸವದತ್ತಿಯವಳು; ಕೆಲಸದಲ್ಲಿ ಎಲ್ಲರಿಗೂ ಮಾವಶಿ, ಅಂದರೆ ಚಿಕ್ಕಮ್ಮ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟೆ. ಅಕ್ಷರ ಕೂಡಿಸಿಕೊಂಡು ಓದುತ್ತೇನೆ, ಬರೆಯುವುದು ಇನ್ನೂ ನಿಧಾನ. ಒತ್ತು ದೀರ್ಘ ತಪ್ಪಿದ್ದನ್ನು ಮೊಮ್ಮಗಳು ತಿದ್ದಿದ್ದಾಳೆ, ಮಾತು ನನ್ನವೇ. ಮೊದಲು ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದೆ. ಆಮೇಲೆ ಒಂಬತ್ತು ವರ್ಷ ವಸುಧಾ ಮೇಡಂ ಅವರ ಸಂಶೋಧನೆಯಲ್ಲಿ ಮನೆಮನೆ ತಿರುಗುವ ಕೆಲಸ. ಮೇಡಂ ರಾಮದುರ್ಗದ ಶಾಸ್ತ್ರಿಗಳ ಮನೆತನದವರು. ಓದಿದ್ದು ಮನಶ್ಶಾಸ್ತ್ರ. ಜನ ಚಟ ಯಾಕೆ ಬಿಡುವುದಿಲ್ಲ, ಫೋನಿನಲ್ಲಿ ದಿನಾ ನೆನಪು ಮಾಡಿ ಮನಸ್ಸಿಗೆ ಹುರುಪು ಕೊಟ್ಟರೆ ಬಿಡುತ್ತಾರೋ ಇಲ್ಲವೋ ಅಂತ ನೋಡುವುದು ಅವರ ಕೆಲಸ. ಅವರು ಹಿಡಿದ ಚಟ ನಮ್ಮ ಹೆಂಗಸರ ಮಿಶ್ರಿ.

ಮಿಶ್ರಿ ಅಂದರೆ ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿದ್ದು. ಬೆಳಿಗ್ಗೆ ಎದ್ದು ಅದನ್ನು ಬೆರಳಿಗೆ ತಗೊಂಡು ಹಲ್ಲಿಗೆ, ವಸಡಿಗೆ ತಿಕ್ಕುವುದು. ತಿಕ್ಕದಿದ್ದರೆ ಹೊಟ್ಟೆ ಸಾಫಾಗುವುದಿಲ್ಲ, ತಲೆ ಹಿಡಿಯುತ್ತದೆ. ನಾನೂ ಮೂವತ್ತು ವರ್ಷ ತಿಕ್ಕಿದೆ. ಒಂದು ದಿನ ಎರಡು ಹಲ್ಲು ಕಿತ್ತ ದಂತದ ಡಾಕ್ಟರು ವಸಡು ತೋರಿಸಿ ಬೈದರು. ಮನೆಗೆ ಬಂದವಳೇ ಡಬ್ಬಿಯನ್ನು ತಿಪ್ಪೆಗೆ ಎಸೆದೆ. ಮೂರು ದಿನ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದೆ, ಹೊಟ್ಟೆಯ ಸುದ್ದಿ ಕೇಳಲೇಬೇಡಿ. ಆದರೆ ಬಿಟ್ಟೆ. ಬಿಟ್ಟಿದ್ದು ಒಳ್ಳೆಯದಾಯಿತು, ಅದರಿಂದ ಸೊಕ್ಕು ಬಂದಿದ್ದು ಕೆಟ್ಟದಾಯಿತು. ನಾನು ಒಂದೇ ದಿನಕ್ಕೆ ಬಿಟ್ಟೆ, ನಿನಗೇನು ಧಾಡಿ ಅಂತ ಎಲ್ಲರನ್ನೂ ನೋಡುತ್ತಿದ್ದೆ.

ಬೈಲಹೊಂಗಲದಲ್ಲಿ ನಮಗೆ ಮೊದಲ ತರಬೇತಿ ನಡೆಯಿತು. ಮೇಡಂ ತಾವೇ ಮಿಶ್ರಿ ಹಚ್ಚುವ ಹೆಂಗಸಾಗಿ ಕುರ್ಚಿಯ ಮೇಲೆ ಕೂತರು. ನಾನು ಅವರ ಮನೆಗೆ ಹೋದ ಹಾಗೆ ಮಾಡಿ ಮಾತಾಡಬೇಕಿತ್ತು.

"ಮಿಶ್ರಿ ಹಚ್ಚತೀಯೇನು?" ಅಂದೆ.

"ಹೂಂ ಅಕ್ಕಾ, ಹಚ್ಚತೇನಿ," ಅಂದರು.

"ಬಿಟ್ಟಬಿಡು. ಇಲ್ಲಾಂದ್ರ ಬಾಯಿ ಕೊಳತ ಸಾಯ್ತಿ."

ಎಲ್ಲರೂ ನಕ್ಕರು. ಮೇಡಂ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಮಾವಶಿ, ನಿಮ್ಮ ಮಾತು ಕೇಳಿ ನನಗ ಈಗ ಇನ್ನೊಂದ ಸಲ ಮಿಶ್ರಿ ಹಚ್ಚಬೇಕು ಅನಸ್ಲಿಕ್ಕತ್ತದ," ಅಂದರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ಹೇಳಬ್ಯಾಡ್ರಿ, ಕೇಳ್ರಿ. ಬಿಡೂದು ಯಾಕ ಕಷ್ಟ ಅದ ಅಂತ ಕೇಳ್ರಿ. ಕೇಳಿ ಸುಮ್ಮನ ಕೂಡ್ರಿ. ಆಕಿನ ಹೇಳ್ತಾಳ."

ಕೇಳಿ ಸುಮ್ಮನೆ ಕೂಡುವುದಕ್ಕೆ ಪಗಾರ ಯಾಕೆ ಕೊಡುತ್ತಾರೆ ಅಂದುಕೊಂಡೆ. ಆ ಕೆಲಸ ಎಷ್ಟು ಕಷ್ಟ ಅಂತ ಆಗ ಗೊತ್ತಿರಲಿಲ್ಲ.

ಮನೋಳಿಯ ಬಾಳವ್ವನನ್ನು ಮೊದಲು ಕಂಡಾಗಲೇ ಆ ಮಾತು ಮರೆತೆ. ಬಾಳವ್ವ ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಮಲಪ್ರಭೆಯ ದಂಡೆಯ ಕಡೆ ಮನೆ. ಮಗ ಹೊಲ ಮಾಡುತ್ತಿದ್ದ, ಸೊಸೆ ಶಾಂತಾ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದಳು. ಬಾಳವ್ವನ ನಗೆ ದೊಡ್ಡದು. ನಕ್ಕರೆ ಪಕ್ಕದ ಮನೆಯವರು ಏನಾತು ಅಂತ ಕೇಳಬೇಕು. ನಮ್ಮ ಜೊತೆ ಬಂದಿದ್ದ ದಂತದ ಡಾಕ್ಟರು ಅವಳ ಬಾಯಲ್ಲಿ ಟಾರ್ಚು ಬಿಟ್ಟು ನೋಡಿದರು. ಎಡಗಲ್ಲದ ಒಳಗೆ ಜೋಳದ ಕಾಳಿನಷ್ಟು ಬಿಳಿ ಕಲೆ, ಹಾಲಿನ ಕೆನೆ ಅಂಟಿಕೊಂಡ ಹಾಗೆ. "ಮಿಶ್ರಿ ಬಿಟ್ಟರೆ ಇದು ಹೋಗಬಹುದು. ಬಿಡದಿದ್ದರೆ ಇದೇ ಮುಂದೆ ಗಂಟಾಗಬಹುದು. ಇವರ ಬಾಯಿಯ ಮೇಲೆ ಕಣ್ಣಿಡಿ," ಅಂತ ನನಗೇ ಹೇಳಿ ಹೋದರು.

ಅವತ್ತು ಬಾಳವ್ವ ನನಗೊಂದು ಮಾತು ಹೇಳಿದಳು. "ಕಲ್ಲಕ್ಕ, ಮಿಶ್ರಿ ಬೇಕಾದ್ರ ಬಿಟ್ಟೇನು. ಹಿತ್ತಲ ಹೆಂಗ ಬಿಡ್ಲಿ? ಮುಂಜಾನೆ ಅಲ್ಲೆ ನಾಲ್ಕ ಮಂದಿ ಕಲ್ಲಿನ ಮ್ಯಾಲ ಕುಂತು ತಿಕ್ಕತೇವಿ. ಗಂಡಸರು ಆ ಕಡಿ ಬರೂದಿಲ್ಲ. ನಕ್ಕರೂ ಅಲ್ಲೆ, ಅತ್ತರೂ ಅಲ್ಲೆ. ಬರೇ ಬೆರಳ ಹಿಡಕೊಂಡು ಹೋಗಿ ಕುಂತ್ರ ಏನಂತಾರ?"

"ಏನಾರ ಅನ್ಲಿ. ಬಾಯಿ ನಿಂದು. ಬಿಡತಿ ಹೌದಿಲ್ಲೋ?" ಅಂದೆ.

"ಹೂಂ ತಗೊ. ನೀ ಇಷ್ಟು ಹೇಳಾಕತ್ತಿ," ಅಂದಳು.

ನಾನು ನಮೂನೆಯಲ್ಲಿ 'ಬಿಡಲು ಸಿದ್ಧ' ಅಂತ ಗುರುತು ಹಾಕಿದೆ. ಹಿತ್ತಲಿನ ಮಾತಿಗೆ ನಮೂನೆಯಲ್ಲಿ ಜಾಗ ಇರಲಿಲ್ಲ, ಬರೆಯಲಿಲ್ಲ. ಮೇಡಂ ಅವರ ಎಲ್ಲಾ ಸಂಶೋಧನೆ ಆ ಒಂದು ಮಾತಿನಲ್ಲಿತ್ತು. ನಾವು ಒಬ್ಬೊಬ್ಬರಿಗೆ ಫೋನು ಮಾಡಿ ಬಿಡಿಸಲು ಹೊರಟಿದ್ದೆವು, ಅವರು ನಾಲ್ಕು ಮಂದಿ ಕೂಡಿ ಹಚ್ಚುತ್ತಿದ್ದರು.

ಫೋನಿನ ಕಥೆ ಹೇಳುತ್ತೇನೆ. ಮೊದಲು ಅಕ್ಷರದ ಸಂದೇಶ ಕಳಿಸಿದರು. ಓದುವವರು ಯಾರು? ಮಗನ ಫೋನಿಗೆ ಬರುತ್ತಿತ್ತು, ಮಗ ಅಳಿಸುತ್ತಿದ್ದ. ಆಮೇಲೆ ಬೆಂಗಳೂರಿನ ಒಬ್ಬ ಹುಡುಗಿಯ ದನಿ ಹಾಕಿದರು. "ನಮಸ್ಕಾರ, ತಾವು ಇಂದು ತಂಬಾಕು ಸೇವಿಸಿದ್ದೀರಾ?" ಅನ್ನುತ್ತಿತ್ತು. ಕಿತ್ತೂರಿನ ಕಡೆ ಒಬ್ಬ ಮುದುಕಿ, "ನಮಗ ಹಾಡು ಹಾಕಸೂದು ಬ್ಯಾಡವಾ, ರೊಕ್ಕ ಕಟ್ ಆಕ್ಕಾವು," ಅಂತ ದಿನಾ ಇಟ್ಟುಬಿಡುತ್ತಿದ್ದಳು. ಸಿಮ್ಮಿನ ಕಂಪನಿಯವರು ಅಂದುಕೊಂಡಿದ್ದಳು.

ಆಗ ಮೇಡಂ, "ಮಾವಶಿ, ನಿಮ್ಮ ದನಿನ ಹಾಕೋಣು," ಅಂದರು.

ಸವದತ್ತಿಯ ನಮ್ಮ ಆಫೀಸು ಬಸ್ ಸ್ಟ್ಯಾಂಡಿನ ಹತ್ತಿರ. ಹಾರನ್ನಿನ ಸದ್ದು ಬರಬಾರದು ಅಂತ ನನ್ನ ಮನೆಯಿಂದಲೇ ಎರಡು ಕೌದಿ ತರಿಸಿ, ಹಗ್ಗದ ಮೇಲೆ ಹೊದಿಸಿ, ಅದರೊಳಗೆ ನನ್ನನ್ನು ಕೂರಿಸಿದರು. ಬೆವರಿಳಿದು ಹೋಯಿತು. ಹತ್ತು ಸಲ ಹೇಳಿಸಿದರು. ಕೊನೆಗೆ ಉಳಿದದ್ದು ಇದು: "ಅಕ್ಕಾ, ನಾ ಕಲ್ಲವ್ವ. ಇವತ್ತ ಮಿಶ್ರಿ ಮುಟ್ಟದಂಗ ಇದ್ದೀಯೇನು? ಹೂಂ ಅಂದ್ರ ಒಂದು ಒತ್ತು. ಇಲ್ಲ ಅಂದ್ರ ಎರಡು ಒತ್ತು."

ಎರಡು ಒತ್ತಿದವರ ಮನೆಗೆ ನಾವು ಹೋಗಬೇಕು, ಮಾತಾಡಬೇಕು, ಟಾರ್ಚು ಹಿಡಿದು ಬಾಯಿ ನೋಡಬೇಕು. ಒಂದು ಒತ್ತಿದವರಿಗೆ ತೊಂದರೆ ಕೊಡುವಂತಿಲ್ಲ. ಇದು ನಿಯಮ. ಇದನ್ನು ನೆನಪಿಡಿ.

"ಯಾವ ಹೊತ್ತಿಗೆ ಫೋನ್ ಹೋಗಬೇಕು ಮಾವಶಿ? ನಿಮಗ ಗೊತ್ತಿರ್ತದ," ಅಂತ ಮೇಡಂ ಕೇಳಿದರು.

ನಾನು ಯೋಚನೆ ಕೂಡ ಮಾಡಲಿಲ್ಲ. "ದೀಪ ಹಚ್ಚೂ ಹೊತ್ತಿಗೆ ಮಾಡಸ್ರಿ. ಹಗಲೆಲ್ಲಾ ಫೋನು ಮಗನ ಕಿಸೇದಾಗ ಹೊಲದಾಗ ಇರತೈತಿ. ದೀಪ ಹಚ್ಚೂಮುಂದ ಫೋನೂ ಮನ್ಯಾಗ, ಹೆಂಗಸರೂ ಮನ್ಯಾಗ," ಅಂದೆ. ಮೇಡಂ ಶಹಬ್ಬಾಸ್ ಅಂದರು.

ಫೋನು ಶುರುವಾದ ಮೇಲೆ ನನಗೆ ಊರೂರಲ್ಲಿ ಮರ್ಯಾದೆ ಬಂತು. ಚಚಡಿಯಲ್ಲಿ ವಾಡೆಯ ಹಿಂದೆ ಒಬ್ಬ ಅಜ್ಜಿ ನನ್ನ ಸೆರಗು ಹಿಡಿದು ಜಗಳಕ್ಕೆ ನಿಂತಳು. "ಏನವಾ, ಸೊಕ್ಕು ಬಂದೈತೇನು? ದಿನಾ ಫೋನ್ ಮಾಡತಿ, ಚಾ ಆತೇನು ಅಂತ ಕೇಳಿದ್ರ ಹೂಂ ಅನ್ನೂದಿಲ್ಲ ಹಾಂ ಅನ್ನೂದಿಲ್ಲ, ನಿಂದಷ್ಟ ಹೇಳಿ ಇಡತಿ." ಅದು ಮಿಷನ್ನು, ನಾನಲ್ಲ ಅಂದರೆ ಅವಳು ನಂಬಲಿಲ್ಲ. "ದನಿ ನಿಂದ, ಹೆಸರ ನಿಂದ. ಮತ್ಯಾರು ಅದು, ನಿನ್ನ ದೆವ್ವೇನು?" ನಾನು ನಗುನಗುತ್ತಾ ಇದನ್ನು ಆಫೀಸಿನಲ್ಲಿ ಹೇಳಿದೆ. ಎಲ್ಲರೂ ನಕ್ಕರು. ಆ ಅಜ್ಜಿ ನಮಗೆ ಎಲ್ಲಾ ಬಿಡಿಸಿ ಹೇಳಿದ್ದಳು. ಅವರ ಪಾಲಿಗೆ ದಿನಾ ಸಂಜೆ ನಾನೇ ಮನೆಗೆ ಬರುತ್ತಿದ್ದೆ. ನಮಗೆ ಅದು ನಗೆಯಾಟವಾಯಿತು.

ಮನೋಳಿಯಿಂದ ಬರುತ್ತಿದ್ದದ್ದೆಲ್ಲ ಒಂದು, ಒಂದು, ಒಂದು. ಬಾಳವ್ವನದಂತೂ ಒಂದು ದಿನವೂ ತಪ್ಪಿರಲಿಲ್ಲ. ಮೇಡಂ ಕಂಪ್ಯೂಟರಿನಲ್ಲಿ ಪಟ್ಟಿ ತೋರಿಸಿ, "ಮನೋಳಿ ನಮ್ಮ ಮಾನ ಉಳಿಸ್ತದ ಮಾವಶಿ," ಅಂದರು. ನಾನು ಬಾಳವ್ವನ ಬಾಯಿಯ ಮೇಲೆ ಇಡಬೇಕಿದ್ದ ಕಣ್ಣನ್ನು ಆ ಪಟ್ಟಿಯ ಮೇಲೆ ಇಟ್ಟೆ.

ಮುಂಗಾರು ಶುರುವಾಗುವ ಹೊತ್ತಿಗೆ ಬೇರೆ ಯಾರದೋ ಮನೆಗೆ ಅಂತ ಮನೋಳಿಗೆ ಹೋದೆ. ಬಾಳವ್ವ ಬಾಗಿಲಲ್ಲೇ ಇದ್ದಳು. ಒಳಗೆ ಕರೆದು ಚಹಾ ಕೊಟ್ಟಳು. ಬಟ್ಟಲು ಕೈಗೆ ಕೊಡುವಾಗ ಅವಳ ಬೆರಳು ಕಂಡಿತು. ಮಿಶ್ರಿ ಹಚ್ಚುವವರ ತೋರುಬೆರಳಿನ ತುದಿ ಕಪ್ಪಗಿರುತ್ತದೆ, ಉಗುರಿನ ಸಂದಿಯಲ್ಲಿ ಉಳಿಯುತ್ತದೆ. ನನ್ನ ಬೆರಳು ತಿಳಿಯಾಗಲು ವರ್ಷ ಬೇಕಾಗಿತ್ತು. ಅವಳದು ಅವತ್ತಿನ ಕಪ್ಪು.

"ಬಾಳವ್ವಾ, ಇದೇನು?"

ಅವಳು ಬೆರಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬಿಟ್ಟಿಲ್ಲೇನು?"

"ಕಡಿಮಿ ಮಾಡೇನಿ."

"ದಿನಾ ಒಂದು ಒತ್ತತಿಯಲ್ಲ!"

ಅವಳು ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದಳು. "ನೀ ಬರೂದು ದೀಪ ಹಚ್ಚೂ ಹೊತ್ತಿಗೆ. ಅಕ್ಕಾ ಅಂತ ಕರದು ಕೇಳತಿ. ದ್ಯಾವರ ಮುಂದ ದೀಪ ಹಚ್ಚಿ ಬಂದಾಕಿ, ಮನಿಗೆ ಬಂದ ಹೆಂಗಸಿಗೆ ಇಲ್ಲ ಅಂತ ಹೆಂಗ ಒತ್ತಲಿ? ನೀ ಏನ್ ಪರದೇಶದಾಕಿಯೇನು, ನಿನಗ ಗೊತ್ತಿಲ್ಲೇನು?"

ನನಗೆ ಗೊತ್ತಿತ್ತು. ನನ್ನ ಮನೆಯಲ್ಲೂ ದೀಪ ಹಚ್ಚಿದ ಮೇಲೆ ಉಪ್ಪು ಇಲ್ಲ ಅನ್ನುವುದಿಲ್ಲ, ಉಪ್ಪು ಹೆಚ್ಚಾಗಿದೆ ಅನ್ನುತ್ತೇವೆ. ಆ ಹೊತ್ತಿನಲ್ಲಿ ಬಾಗಿಲಿಗೆ ಬಂದವರಿಗೆ ಇಲ್ಲ ಅಂದರೆ ಲಕ್ಷ್ಮಿಗೆ ಇಲ್ಲ ಅಂದ ಹಾಗೆ. ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು. ಅದು ಫೋನಿಗೂ ಲಾಗೂ ಆಗುತ್ತದೆ ಅಂತ ನನ್ನ ತಲೆಗೆ ಹೊಳೆದಿರಲಿಲ್ಲ. ಇಲ್ಲ ಅನ್ನಬಾರದ ಹೊತ್ತಿನಲ್ಲಿ ಇಲ್ಲ ಅಂತ ಒತ್ತಿರಿ ಅಂತ ಊರೂರಿಗೆ ಫೋನು ಮಾಡಿಸಿದ್ದೆ.

ಅಲ್ಲೇ ಅವಳ ಬಾಯಿ ತೆರೆಸಿ ನೋಡಬೇಕಿತ್ತು. ಟಾರ್ಚು ಚೀಲದಲ್ಲೇ ಇತ್ತು. ನೋಡಲಿಲ್ಲ. ಯಾಕೆ ನೋಡಲಿಲ್ಲ ಅಂದರೆ, ನೋಡಿದರೆ ಬರೆಯಬೇಕಾಗುತ್ತಿತ್ತು. ಬರೆದರೆ ಮನೋಳಿಯ ಪಟ್ಟಿ ಸುಳ್ಳಾಗುತ್ತಿತ್ತು. ಅದೇ ವಾರ ಮೇಡಂ ಬೆಂಗಳೂರಿಗೆ ಹೋಗಿ ಸಂಶೋಧನೆಗೆ ಹಣ ಕೊಡುವ ದೊಡ್ಡವರ ಮುಂದೆ ಆ ಪಟ್ಟಿ ಇಡುವವರಿದ್ದರು. ನನ್ನ ದನಿಯನ್ನು ಅಲ್ಲಿ ಕೇಳಿಸುತ್ತೇನೆ ಅಂದಿದ್ದರು. ನನ್ನ ದನಿ, ಬೆಂಗಳೂರಿನಲ್ಲಿ. ನಾನು ಹಿಗ್ಗಿದ್ದೆ.

"ಆಗಿದ್ದು ಆತು. ಇವತ್ತಿನಿಂದ ಖರೇ ಬಿಟ್ಟಬಿಡು, ಅಂದ್ರ ಒತ್ತಿದ್ದು ಸುಳ್ಳ ಆಗೂದಿಲ್ಲ," ಅಂದೆ.

"ಆತು ತಗೊ," ಅಂದಳು. ನಾನು ಚಹಾ ಕುಡಿದು ಎದ್ದೆ. ಅವಳು ನಕ್ಕಳು. ನಗುವಾಗ ಎಡಗಲ್ಲಕ್ಕೆ ಕೈ ಇಟ್ಟುಕೊಂಡಳು. ಅದನ್ನೂ ಕಂಡೆ.

ಆ ವಾರ ಮುಗಿಯಲಿ, ಮೇಡಂ ಬಂದ ಮೇಲೆ ಹೇಳೋಣ ಅಂದುಕೊಂಡೆ. ಮೇಡಂ ಖುಷಿಯಿಂದ ಬಂದರು, ಪೇಢೆ ತಂದರು. ಪೇಢೆ ತಿಂದ ಬಾಯಲ್ಲಿ ಹೇಳಲಾಗಲಿಲ್ಲ. ಶ್ರಾವಣ ಹೋಯಿತು, ದಸರೆ ಹೋಯಿತು.

ದೀಪಾವಳಿ ಆದ ಮೇಲೆ ಶಾಂತಾ ಫೋನು ಮಾಡಿದಳು. "ಮಾವಶಿ, ನಮ್ಮತ್ತಿ ಖಾರ ತಿನ್ನಾಕ ಒಲ್ಲೆ ಅಂತಾರ. ಬಾಯಿ ಎರಡ ಬೆರಳ ಹೋಗೂವಷ್ಟ ತೆರೀತೈತಿ. ಯಾರಿಗೂ ಹೇಳಬ್ಯಾಡ ಅಂದಾರ್ರಿ. ಕಲ್ಲಕ್ಕಗ ಅಂತೂ ಹೇಳಬ್ಯಾಡ ಅಂದಾರ, ಬೈತಾಳ ಅಂತಾರ."

ಕಲ್ಲಕ್ಕಗ ಅಂತೂ ಹೇಳಬ್ಯಾಡ. ಒಂಬತ್ತು ವರ್ಷದ ನನ್ನ ಕೆಲಸಕ್ಕೆ ಸಿಕ್ಕ ಸರ್ಟಿಫಿಕೇಟು ಅದು.

ಹೋಗಿ ಟಾರ್ಚು ಹಿಡಿದೆ. ಬಿಳಿ ಕಲೆ ಇದ್ದಲ್ಲಿ ಗಟ್ಟಿ ಗಂಟು, ನಡುವೆ ಹುಣ್ಣು, ವಾಸನೆ. ದೊಡ್ಡ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಎಡಗಡೆಯ ದವಡೆ, ಗಲ್ಲದ ಒಳಭಾಗ, ನಾಲಗೆಯಲ್ಲಿ ಅರ್ಧ ತೆಗೆದರು. ಆಪರೇಷನ್ನು ಮಾಡಿದ ಡಾಕ್ಟರು ಬಾಗಿಲ ಹೊರಗೆ ನನ್ನನ್ನು ಮನೆಯವಳು ಅಂದುಕೊಂಡು ಹೇಳಿದರು: "ಮಳೆಗಾಲದ ಮೊದಲೇ ಬಂದಿದ್ದರೆ ಸ್ವಲ್ಪ ಚರ್ಮ ತೆಗೆದು ಕಳಿಸುತ್ತಿದ್ದೆವು." ನಾನು ಮನೆಯವಳಲ್ಲ ಅಂತ ಹೇಳಲಿಲ್ಲ.

ಮರುದಿನ ಆಫೀಸಿಗೆ ಹೋಗಿ ಮೇಡಂಗೆ ಎಲ್ಲಾ ಹೇಳಿದೆ. ಅವರು ಏನೋ ಬರೆಯುತ್ತಿದ್ದರು, ಪೆನ್ನು ಕೆಳಗಿಟ್ಟರು.

"ಯಾವಾಗ ಗೊತ್ತಾತು ಮಾವಶಿ?"

"ಮಳಿ ಸುರು ಆಗೂಮುಂದ್ರಿ. ನೀವು ಬೆಂಗಳೂರಿಗೆ ಹೋಗೂ ವಾರ."

"ನನಗ ಯಾಕ ಹೇಳಲಿಲ್ಲ?"

"ನೀವು ಖುಷಿಯೊಳಗ ಇದ್ರಿ."

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಮೆಲ್ಲಗೆ ಅಂದರು: "ಅಂದ್ರ ನೀವೂ ನನಗ ಒಂದು ಒತ್ತಿದ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎದುರು ಮಾತಾಡುವುದು ನನಗೆ ಬರುತ್ತದೆ.

"ತಪ್ಪು ನಿಮ್ಮದೊಂದ ಅಲ್ಲ," ಅಂದರು. "ರಾಮದುರ್ಗದಾಗ ನಮ್ಮವ್ವನೂ ಸಂಜೀ ಮುಂದ ಎಣ್ಣಿ ಇಲ್ಲ ಅನ್ನೂದಿಲ್ಲ, ಹೆಚ್ಚಾಗ್ಯದ ಅಂತಾಳ. ಇಷ್ಟು ಓದೀನಿ, ನನಗೂ ಹೊಳೀಲಿಲ್ಲ. ಎಲ್ಲಾರೂ ಹೂಂ ಅನ್ನಲಿಕ್ಕತ್ತಾರ ಅಂದ್ರ ನಾನು ಅಂಜಬೇಕಾಗಿತ್ತು. ನಾನು ಪೇಢೆ ತಂದೆ."

ಅವತ್ತೇ ಅವರು ಬೆಂಗಳೂರಿನವರಿಗೆ ಕಾಗದ ಬರೆದರು, ಮನೋಳಿಯ ಲೆಕ್ಕ ನಂಬಬೇಡಿ ಅಂತ. ಅದರಿಂದ ಅವರ ಮುಂದಿನ ಕೆಲಸ ಅರ್ಧಕ್ಕೆ ನಿಂತಿತು. ಕೂಡಿ ಕೆಲಸ ಮಾಡಿದ ದೊಡ್ಡವರೊಬ್ಬರು, ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಅಂತ ಫೋನಿನಲ್ಲಿ ಕೂಗಾಡಿದ್ದು ಹೊರಗಿನ ಕೋಣೆಗೂ ಕೇಳಿಸಿತು. ಮೇಡಂ, "ಹೌದ್ರಿ ಸರ್, ಗೊತ್ತಾಗ್ತಿರಲಿಲ್ಲ," ಅಂದು ಇಟ್ಟರು.

ಆಮೇಲೆ ಪದ್ಧತಿ ಬದಲಾಯಿತು. ಈಗ ನೀವು ಕಲಿಯುತ್ತಿರುವುದು ಆ ಬದಲಾದ ಪದ್ಧತಿ. ಫೋನು ಮುಂಜಾನೆ ಹೋಗುತ್ತದೆ, ಅದಕ್ಕೆಂದೇ ಹೆಂಗಸರ ಕೈಗೆ ಚಿಕ್ಕ ಫೋನು ಕೊಟ್ಟಿದ್ದಾರೆ. ಮಿಶ್ರಿ ಬಿಟ್ಟಿಯೇನು ಅಂತ ಕೇಳುವುದಿಲ್ಲ, ನಿನ್ನೆ ಎಷ್ಟು ಸಲ ಹಚ್ಚಿದಿ ಅಂತ ಕೇಳುತ್ತದೆ. ಅದಕ್ಕೆ ಯಾರೂ ಇಲ್ಲ ಅನ್ನಬೇಕಿಲ್ಲ. ಬಾಯಲ್ಲಿ ಕಲೆ ಇದ್ದವರು ಏನೇ ಒತ್ತಲಿ, ತಿಂಗಳಿಗೊಮ್ಮೆ ಬಾಯಿ ನೋಡಲೇಬೇಕು. ಹಿತ್ತಲಿನಲ್ಲಿ ಕೂಡುವ ನಾಲ್ಕೂ ಮಂದಿಯನ್ನು ಒಟ್ಟಿಗೇ ಮಾತಾಡಿಸುತ್ತೇವೆ. ನನ್ನ ದನಿ ತೆಗೆದರು. ತೆಗೆದಿದ್ದು ಸರಿ. ಬಿಟ್ಟವರ ಪಟ್ಟಿ ಸಣ್ಣದಾಯಿತು, ಆದರೆ ಅದರಲ್ಲಿರುವವರು ಖರೇ ಬಿಟ್ಟವರು. ನಿಮ್ಮ ಪಟ್ಟಿ ಬಹಳ ಚಂದ ಕಾಣಿಸಿದ ದಿನ ಚೀಲದಿಂದ ಟಾರ್ಚು ತೆಗೆಯಿರಿ.

ಬಾಳವ್ವ ಆಪರೇಷನ್ನು ಆದ ಮೇಲೆ ಒಂದು ವರ್ಷಕ್ಕೆ ಸ್ವಲ್ಪ ಕಡಿಮೆ ಬದುಕಿದಳು. ಮಾತು ಬರುತ್ತಿರಲಿಲ್ಲ. ಅಂಬಲಿ, ಹಾಲು, ಅದೂ ಕುತ್ತಿಗೆ ಓರೆ ಮಾಡಿ ಕುಡಿಯಬೇಕು. ನಗಲಿಕ್ಕೆ ಆಗುತ್ತಿರಲಿಲ್ಲ. ಪಕ್ಕದ ಮನೆಯವರು ಏನಾತು ಅಂತ ಕೇಳುವುದು ನಿಂತಿತು. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಕೆಲಸ ಮುಗಿಸಿ ಹೋಗುವುದರಿಂದ ಮನೋಳಿ ಮುಟ್ಟುವಾಗ ಸಂಜೆಯಾಗುತ್ತಿತ್ತು.

"ನೋವು ಕಡಿಮಿ ಆಗೈತೇನು ಬಾಳವ್ವಾ?" ಅಂತ ಕೇಳುತ್ತಿದ್ದೆ.

ಅವಳು ಹೂಂ ಅಂತ ತಲೆ ಆಡಿಸುತ್ತಿದ್ದಳು. ನಾನು ಸಮಾಧಾನ ಮಾಡಿಕೊಂಡು ಬಸ್ಸು ಹತ್ತುತ್ತಿದ್ದೆ. ಹಾಗೆ ಆರು ವಾರ.

ಏಳನೇ ವಾರ ಹಾಗೇ ಕೇಳಿದೆ, ಹಾಗೇ ತಲೆ ಆಡಿಸಿದಳು. ಹಿಂದೆ ಶಾಂತಾ ದೇವರ ಮುಂದೆ ದೀಪದ ಬತ್ತಿ ಸರಿಮಾಡುತ್ತಿದ್ದಳು. ನಾನು ಆ ದೀಪ ನೋಡಿದೆ. ಬಾಳವ್ವನ ಮುಖ ನೋಡಿದೆ. ಸವದತ್ತಿಯ ಬಸ್ಸಿಗೆ ಹೋಗಲಿಲ್ಲ. ಅವರ ಮನೆಯಲ್ಲೇ ಉಳಿದೆ.

ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಬಂದ ಮೇಲೆ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ನಾಲ್ಕು ಮಂದಿ ಕೂಡುತ್ತಿದ್ದ ಕಲ್ಲಿನ ಮೇಲೆ ಕೂರಿಸಿ, ನಾನೂ ಪಕ್ಕಕ್ಕೆ ಕೂತೆ. ಅದೇ ಮಾತು ಕೇಳಿದೆ. "ನೋವು ಕಡಿಮಿ ಆಗೈತೇನು?" ಕೇಳಿ ಸುಮ್ಮನೆ ಕೂತೆ. ಮೇಡಂ ಬೈಲಹೊಂಗಲದಲ್ಲಿ ಹೇಳಿಕೊಟ್ಟ ಹಾಗೆ ಸುಮ್ಮನೆ ಕೂತದ್ದು ನನ್ನ ಕೆಲಸದಲ್ಲಿ ಅದೇ ಮೊದಲು.

ಬಾಳವ್ವ ಬಹಳ ಹೊತ್ತು ಕಲ್ಲನ್ನು ನೋಡಿದಳು. ಆಮೇಲೆ ತಲೆಯನ್ನು ಆ ಕಡೆಯಿಂದ ಈ ಕಡೆಗೆ ಅಲ್ಲಾಡಿಸಿದಳು. ನನಗೆ ಅವಳು ಹೇಳಿದ ಮೊದಲನೇ ಇಲ್ಲ ಅದು. ಹೇಳಲು ಬಾಯಿ ಇರಲಿಲ್ಲ, ಕುತ್ತಿಗೆಯಿಂದ ಹೇಳಿದಳು.

ನಾನು ಎದ್ದು ಶಾಂತಾಳಿಗೆ ಅತ್ತೆಯ ಸೀರೆ ಬದಲಿಸಲು ಹೇಳಿದೆ. ನೋವಿನ ಔಷಧಿ ಬರೆಸಿಕೊಂಡು ಬರಲು ಹತ್ತೂವರೆಯ ಬಸ್ಸು ಹಿಡಿದೆವು.